ರಸೀದಿ ನಂಬರ್ ೨೧೪

ಗಡಿಯಾರದ ಕಂಬ ದಾಟಿ ಮಂಡಿಪೇಟೆಗೆ ತಿರುಗುವಲ್ಲಿ
ಕಬ್ಬಿಣದ ಮೆಟ್ಟಿಲು ಹತ್ತಿದರೆ ನಮ್ಮಂಗಡಿ.
ನಾಟಕದ ಉಡುಪು ಬಾಡಿಗೆಗೆ ಸಿಗುತ್ತವೆ:
ದೇವರು, ರಾಜ, ಪೊಲೀಸು, ಹುಲಿ.
ಎಲ್ಲರಿಗೂ ಒಂದೇ ದರ,
ಹುಲಿಗೆ ಮಾತ್ರ ಬಾಲದ ಠೇವಣಿ ಬೇರೆ.

ಹೋದ ಶ್ರಾವಣದ ಹಿಂದಿನ ಶ್ರಾವಣ ಸಿನಿಮಾದವರು ಬಂದರು.
ದುರ್ಗದ ಕೋಟೆಯಲ್ಲಿ ಶೂಟಿಂಗು,
ಪಾಳೇಗಾರರ ಕಾಲದ ಕಥೆ, ಹೆಸರು ‘ಉಪ್ಪಿನ ಸುಂಕ’.
ಬಟ್ಟೆಯ ಲಾರಿ ಹಿರಿಯೂರಲ್ಲಿ ಕೆಟ್ಟು ನಿಂತಿತ್ತಂತೆ.
ಹನ್ನೊಂದು ನಗ ಒಯ್ದರು, ಹತ್ತು ಬಂದವು.
ಬಾರದ್ದು ಕೆಂಪು ಮಖಮಲ್ಲಿನ ನಿಲುವಂಗಿ,
ಅಪ್ಪ ಹೊಲಿದದ್ದು,
ದಿನಕ್ಕೆ ಅರವತ್ತು ರೂಪಾಯಿ.

ಬಿಡುಗಡೆಯ ವಾರ ಥಿಯೇಟರಿನಲ್ಲಿ ಒಂಬತ್ತು ಜನ.
ನಾನೊಬ್ಬಳು ಕಥೆಗಲ್ಲ, ಅಂಗಿಗೆ ಹೋದವಳು.
ಕೊನೆಯಲ್ಲಿ ದೊರೆ ಬತೇರಿಯ ಮೇಲೆ ನಿಂತು ಕತ್ತಿ ಎತ್ತಿದ.
ಮುಂದಿನ ಸಾಲಿನವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.
ನಾನು ಎದ್ದೇ ನಿಂತೆ:
ಎಡಗಂಕುಳಲ್ಲಿ ಹಸಿರು ತೇಪೆ!
ನಮ್ಮದೇ!

ಆಮೇಲೆ ಬಂತು ಪ್ರಶಸ್ತಿಗಳ ಸುಗ್ಗಿ.
ಫೋನು ಮಾಡಿದರೆ ಪ್ರಣೀತ ಅನ್ನೋ ಹುಡುಗ,
‘ಅಕ್ಕಾ, ಗೋವಾದಲ್ಲಿದೀನಿ’, ಹಿಂದೆ ಚಪ್ಪಾಳೆ.
‘ಅಕ್ಕಾ, ಪುಣೆ’, ಹಿಂದೆ ಇನ್ನೂ ದೊಡ್ಡ ಚಪ್ಪಾಳೆ.
ದಿಲ್ಲಿಯ ಹೊತ್ತಿಗೆ ನಂಬರೇ ಇರಲಿಲ್ಲ.

ಮಂಡಕ್ಕಿ ಬಟ್ಟಿಯ ದಾದಾಪೀರ್ ಅಂದ,
‘ಬಾಡಿಗೆ ಬಾಕಿ ಐತೆ ಅಂತ ಟೀವಿಯವರಿಗೆ ಹೇಳ್ರಿ.’
ಹೇಳಬಹುದಿತ್ತು.
ಆದರೆ ಅಷ್ಟರಲ್ಲಿ ನಾನು
ಪಟ್ಟಿ ಕತ್ತರಿಸಿ ಲೆಕ್ಕದ ಬುಕ್ಕಿನಲ್ಲಿಡುವವಳಾಗಿದ್ದೆ.
ಛಾಯಾಗ್ರಹಣ ಬಂತು. ಸಂಕಲನ ತಪ್ಪಿತು.
ದೊರೆಯಾದವನಿಗೆ ಒಂದು ಮತದಲ್ಲಿ ಹೋಯಿತೆಂದ ರಾತ್ರಿ
ಅನ್ನ ಸೇರಲಿಲ್ಲ ನನಗೆ.
ಗೆದ್ದವನ ಸಿನಿಮಾ ನಾನು ನೋಡಿಯೇ ಇಲ್ಲ,
ಆದರೂ ಅವನ ಮೀಸೆ ಸರಿಯಿಲ್ಲ ಅನ್ನಿಸಿತು.

ವಸ್ತ್ರವಿನ್ಯಾಸದ ಸರದಿ.
ಬೆಳ್ಳಿಬಣ್ಣದ ಸೀರೆಯ ಹೆಂಗಸು ವೇದಿಕೆಗೆ ಬಂದಳು,
ಮೂರು ವರ್ಷ ಸಂಶೋಧನೆ ಮಾಡಿದೆವು ಅಂದಳು.
ತೀರ್ಪುಗಾರರು ಓದಿದರು:
ಕಂಕುಳ ಹಸಿರು ತೇಪೆಯಲ್ಲಿ
ಬತ್ತಿದ ಸಂಸ್ಥಾನದ ಕಟ್ಟಕಡೆಯ ಚಿಗುರು.

ದೇವರಾಣೆ ಹೇಳುತ್ತೇನೆ.
ಚಿಗುರಲ್ಲ ಅದು, ಬಕ್ಕೇಶಪ್ಪನ ತೋಳು.
ಕಂಪನಿ ನಾಟಕದ ರಾಜಾಪಾರ್ಟು,
ದಿನಕ್ಕೆ ಎಂಟು ಬೆಣ್ಣೆ ದೋಸೆ.
ಹರಿಹರದ ಕ್ಯಾಂಪಿನಲ್ಲಿ, ಯುದ್ಧದ ಸೀನಿನಲ್ಲಿ,
ತೋಳೆತ್ತಿದ್ದೇ ತಡ, ಪರ್‍!
ಜನ ನಕ್ಕರು. ಅವನು ಒಳಗೆ ಬಂದು ಅತ್ತನಂತೆ.
ಮಖಮಲ್ಲು ಸಿಗದೆ ಅಪ್ಪ
ನನ್ನ ಹಳೇ ಲಂಗದ ಅಂಚು ಹರಿದು
ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಹಾಕಿದ ತೇಪೆ.
ಲಂಗಕ್ಕಾಗಿ ನಾನೂ ಅತ್ತಿದ್ದೆ, ಏಳು ವರ್ಷ ನನಗೆ.

ಟೀವಿಯಲ್ಲಿ ಮತ್ತೆ ಮತ್ತೆ ಅದೇ ತೋಳು ಏಳುತ್ತಿತ್ತು.
ಈ ಸಲ ಯಾರೂ ನಗಲಿಲ್ಲ.

ಸಿನಿಮಾ ಊರಿಗೆ ಮರಳಿತು, ಹೌಸ್‌ಫುಲ್ಲು.
ಬಾಕಿ ಇಪ್ಪತ್ತೆಂಟು ಸಾವಿರ ದಾಟಿತು.
ಬರೆಯುತ್ತಲೇ ಇದ್ದೇನೆ, ರಸೀದಿ ೨೧೪,
ಯಾರು ಕೊಡುತ್ತಾರೆ?

ನಿನ್ನೆ ಒಬ್ಬ ಹುಡುಗ ಬಂದಿದ್ದ,
ಶಾಲೆಯ ಗ್ಯಾದರಿಂಗಿಗೆ ದೊರೆಯ ಡ್ರೆಸ್ಸು ಬೇಕಂತೆ.
ಇನ್ನೊಂದು ಕೆಂಪಂಗಿ ಕೊಟ್ಟೆ, ಹೊಸದು, ಮೊನ್ನೆ ಹೊಲಿದದ್ದು.
ತೋಳೆತ್ತಿ ಕನ್ನಡಿ ನೋಡಿ ಮುಖ ಸಪ್ಪಗೆ ಮಾಡಿದ.
‘ಡೂಪ್ಲಿಕೇಟು. ಹಸಿರು ಎಲ್ಲೈತ್ರಿ?’

ಗಟ್ಟಿ ಬಟ್ಟೆಗೆ ಕತ್ತರಿ ಹಾಕಲು ಕೈ ಬರಲಿಲ್ಲ ಮೊದಲು.
ಆಮೇಲೆ ಕಂಕುಳ ಹೊಲಿಗೆ ಬಿಚ್ಚಿದೆ,
ಹಸಿರು ಚೂರಿಗಾಗಿ ಡಬ್ಬಿ ಕೆದಕಿದೆ.
‘ಐದು ನಿಮಿಷ ಕೂತ್ಕೋ,’ ಅಂದೆ,
‘ತೇಪೆಗೆ ಹತ್ತು ರೂಪಾಯಿ ಜಾಸ್ತಿ.’