ಹಳೇ ನಂಬರು, ಹೊಸ ನಂಬರು

ಪೀಣ್ಯ ಎರಡನೇ ಹಂತ, ಗುರುವಾರ, ರಾತ್ರಿ ಹನ್ನೊಂದೂಕಾಲು.
ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸು ಈಗಷ್ಟೇ ಬಾಯಿ ಮುಚ್ಚಿದೆ.
ನಾನು ಕರೆಯುತ್ತಿದ್ದೇನೆ
ಊರಿನ ಆ ತುದಿಯಲ್ಲಿ, ವರ್ತೂರು ಕೆರೆಯ ಬದಿಯ ಪಂಪ್‌ಹೌಸಿನಲ್ಲಿ,
ಗೋಡೆ ಕಚ್ಚಿಕೊಂಡು ಕೂತ ಒಂದು ಬೂದು ಪೆಟ್ಟಿಗೆಯನ್ನು.

ಪಿಂಗ್ ಎಂದರೆ ಓ ಎನ್ನುತ್ತದೆ,
ಹನ್ನೆರಡು ಮಿಲಿಸೆಕೆಂಡಿನಲ್ಲಿ.
ಬಾಗಿಲು ತೆರೆ ಎಂದರೆ ಮಾತ್ರ
ನೀನು ಯಾರೋ ಗೊತ್ತಿಲ್ಲ ಎನ್ನುತ್ತದೆ.

ಮೂರು ದಿನವಾಯಿತು ಹೀಗೆ.

ಹೊತ್ತೆಂದರೆ ಅದಕ್ಕೆ ಬೇರೆಯೇ.
ಮಿಲಿಸೆಕೆಂಡಿಗೊಮ್ಮೆ ನೀರಿನ ಮಟ್ಟ ಓದಬೇಕು,
ಓದಿದ್ದಕ್ಕೆ ತಕ್ಕಂತೆ ವಾಲ್ವು ತಿರುಗಿಸಬೇಕು.
ತಡವಾಗಿ ಬಂದ ಸರಿ ಉತ್ತರ
ಅದರ ಲೆಕ್ಕದಲ್ಲಿ ತಪ್ಪು ಉತ್ತರ.
ಇಂಥ ನಿಷ್ಠುರದ ಜೀವವನ್ನು ಈ ಊರಲ್ಲಿ ಸಾಕುವುದು ಕಷ್ಟ:
"ಐದೇ ನಿಮಿಷ, ಗೊರಗುಂಟೆಪಾಳ್ಯದಲ್ಲಿದೀನಿ" ಅಂದರೆ
ಇನ್ನೊಂದು ಕಾಫಿ ಕುಡಿಯಬಹುದು ಅಂತ ಅರ್ಥ,
ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ.

ನನ್ನ ಕಡೆಯ ತಪ್ಪೆಲ್ಲ ಹುಡುಕಿದೆ.
ಫೈರ್‌ವಾಲ್ ಇಳಿಸಿದೆ, ಕೇಬಲ್ಲು ಬದಲಿಸಿದೆ,
ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದೆ, ಅದಕ್ಕೊಂದು ಬೈಗುಳವನ್ನೂ ಕೊಟ್ಟೆ.
ಕೊನೆಗೆ ಪಿಳ್ಳಪ್ಪನವರಿಗೆ ಫೋನು.

"ದೀಪ ಉರೀತಿದೆಯಾ ಅಣ್ಣ?"
"ಒಂದು ಸುಮ್ಕೆ ಉರೀತೈತೆ, ಒಂದು ಮಿಟುಕ್ತೈತೆ."
"ಯಾವ ಬಣ್ಣ?"
"ಹಸ್ರು." ತಡೆದು, "ಕಣ್ಗೆ ಪೊರೆ ಬಂದೈತೆ ಮೇಡಂ,
ಯಾವುದಕ್ಕೂ ನನ್ನ ನಂಬಬೇಡಿ."

"ಆಯ್ತು, ಆ ಪೆಟ್ಟಿಗೆಯ ನೀಲಿ ವೈರು ಕಿತ್ತುಬಿಡಿ."
"ಕಿತ್ತೆ. ಕೈಯಾಗೆ ಹಿಡ್ಕಂಡಿವ್ನಿ."

ಪರದೆಯ ಮೇಲೆ ಸಾಲು ಇಳಿಯುತ್ತಲೇ ಇದೆ:
ಓ. ಓ. ಓ.
ಹನ್ನೆರಡು ಮಿಲಿಸೆಕೆಂಡು.

ಖಾಲಿ ಆಫೀಸಿನಲ್ಲಿ ಒಂದು ಕ್ಷಣ
ಬೆನ್ನ ಹಿಂದೆ ತಿರುಗಿ ನೋಡಿದೆ.

ಆಮೇಲೆ ನೆನಪಾಯಿತು ಶ್ರೀರಾಂಪುರದ ನಮ್ಮ ಬೀದಿ.
ನಮ್ಮದು ಹಳೇ ನಂಬರು ಮೂವತ್ತೆಂಟು, ಹೊಸದು ನೂರಹನ್ನೆರಡು.
ಎದುರು ಸಾಲಿನ ಅಂತೋಣಿಸ್ವಾಮಿ ಟೈಲರಿಗೆ ಹೊಸದು ಮೂವತ್ತೆಂಟು.
ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು
ನೇರ ಅಲ್ಲಿಗೇ ಹೋಗಿ ಕೂತರು.
ಕೋಟು ಹೊಲಿಸಲು ಬಂದವರೆಂದು ಆತ
ಗಂಡಿನ ಎದೆ, ಭುಜ, ತೋಳಿನ ಉದ್ದ
ಎಲ್ಲ ಅಳೆದು ಬರೆದುಕೊಂಡ ಮೇಲೆ
ಯಾರೋ ಮೆಲ್ಲಗೆ ಕೇಳಿದರಂತೆ: ಹುಡುಗಿ ಎಲ್ಲಿ?

"ಅಣ್ಣ, ಅಲ್ಲಿ ಹೊಸದಾಗಿ ಏನಾದ್ರೂ ಹಾಕಿದಾರಾ?"
"ಸೋಮವಾರ ಯಾರೋ ಹುಡುಗ್ರು ಕ್ಯಾಮೆರಾ ಮಡಗಿ ಹೋದ್ರು.
ನಾ ಡ್ಯೂಟೀಲಿ ನಿದ್ದೆ ಹೊಡಿತೀನಾ ಅಂತ ನೋಡಕ್ಕೆ."

ಸರಿ.
ಕೆಲಸ ಮಾಡುವವನ ವಿಳಾಸದಲ್ಲಿ
ಕಾವಲು ಕಾಯುವವನು ಕೂತು
ಮೂರು ದಿನದಿಂದ ನನಗೆ ಓಗೊಡುತ್ತಿದ್ದಾನೆ.

"ಅದರ ವೈರು ಕಿತ್ತುಹಾಕಿ. ಪೆಟ್ಟಿಗೆಯದು ವಾಪಸ್ ಸಿಗಿಸಿ."
"ಯಾರೂ ಬೈಯಲ್ವಾ?"
"ಬೈದ್ರೆ ನನ್ನ ಹೆಸರು ಹೇಳಿ."
ಫೋನಿನಲ್ಲೇ ಕೇಳಿಸಿತು, ಟಕ್.
ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಎಳೆದಿರಬೇಕು.

ಬಾಗಿಲು ತೆರೆಯಿತು.
ಒಳಗೆ ಮುನಿಸಿರಲಿಲ್ಲ, ದೂರಿರಲಿಲ್ಲ,
ಎಲ್ಲಿದ್ದೆ ಇಷ್ಟು ದಿನ ಎಂಬ ಮಾತೂ ಇರಲಿಲ್ಲ.
ಲೆಕ್ಕದ ಪುಸ್ತಕವೊಂದೇ ಇತ್ತು:
ನಾವು ಸತ್ತಿತೆಂದು ಮೀಟಿಂಗು ಮಾಡುತ್ತಿದ್ದ ಮೂರು ದಿನದಲ್ಲಿ
ಇಪ್ಪತ್ತೈದು ಕೋಟಿ ತೊಂಬತ್ತೆರಡು ಲಕ್ಷ ಸಲ ನೀರು ಅಳೆದಿತ್ತು.
ಬಿಟ್ಟುಹೋದ ಸಲಗಳು: ಸೊನ್ನೆ.

ಆ ಸೊನ್ನೆಯನ್ನೇ ನೋಡುತ್ತ ಕೂತೆ.
ಯಾರೂ ಕರೆಯದೆ, ಯಾರೂ ನೋಡದೆ
ನಾನು ಹಾಗೆ ಮಾಡಿದ ಒಂದು ಕೆಲಸ
ಥಟ್ಟನೆ ನೆನಪಾಗಲಿಲ್ಲ.

"ಆಯ್ತಾ ಮೇಡಂ?"
"ಆಯ್ತು ಅಣ್ಣ."
"ಕ್ಯಾಮೆರಾ?"

ಅದಕ್ಕೊಂದು ಹೊಸ ನಂಬರು ಕೊಟ್ಟರೆ ಮುಗಿಯಿತು,
ಎರಡು ನಿಮಿಷದ ಕೆಲಸ, ಇಲ್ಲಿಂದ ನಾನು ಹೇಳಬಹುದು,
ಅಲ್ಲಿ ಅವರು ವೈರು ಸಿಗಿಸಬಹುದು.
ಗಡಿಯಾರ ನೋಡಿದೆ. ಹನ್ನೆರಡೂವರೆ.

"ಅದು ಬೆಳಗ್ಗೆ ನೋಡೋಣ," ಎಂದೆ.
ಆ ಕಡೆಯಿಂದ ಒಂದು ಆಕಳಿಕೆ,
ಆಮೇಲೆ ಕುರ್ಚಿ ಎಳೆದ ಸದ್ದು.