ನಾಲಿಗಿಗೆ ಸೂಟಿ

ಮೂವತ್ತೊಂದು ವರ್ಷ ಆತು ಈ ಕಡಾಯಿ ಮುಂದ.
ಖೋವಾ ತಿರುವಿ ತಿರುವಿ ಬಲಗೈ ರಟ್ಟಿ ಎಡಕ್ಕಿಂತ ದಪ್ಪ.
ಧಾರವಾಡದಾಗ ಬಸ್ಸಿಳಿದವ್ರು ಮೊದಲು ವಾಸನಿ ಹಿಡೀತಾರ,
ಆಮ್ಯಾಲೆ ದಾರಿ ಕೇಳ್ತಾರ.
ಆ ವಾಸನಿ ಅಂದ್ರ ನಾನು, ಮಡಿವಾಳೆಪ್ಪ ಸುಣಗಾರ.
ಖೋವಾ ಕಂದಾದಾಗ ಒಂದು ಚಿಟಿಕಿ ಬಾಯಾಗ ಒಗದು
"ಇಳಸ್ರಿ" ಅಂತೀನಿ. ಇಳಸ್ತಾರ.
ದಿನಕ್ಕ ಎಂಟು ಕಡಾಯಿ, ಎಂಟು ಚಿಟಿಕಿ.
ವರ್ಷಕ್ಕೆಷ್ಟಾತು ಅಂತ ನಾ ಲೆಕ್ಕ ಹಾಕಿರಲಿಲ್ಲ,
ರಕ್ತ ಹಾಕಿತ್ತು.

"ಇನ್ನೂರಾ ಎಂಬತ್ತಾರು" ಅಂದ್ಲು ಆಸ್ಪತ್ರಿ ಹುಡುಗಿ,
ಬಸ್ ನಂಬರ್ ಹೇಳಿಧಂಗ.
ಡಾಕ್ಟರು ಬರದ್ರು: ಮುಂಜಾನಿ ಒಂದು, ಸಂಜಿಕ ಒಂದು.
ಏನು ಕೆಲಸ ಅಂತ ಕೇಳಿ, ಉತ್ತರ ಕೇಳಿ,
ಪೆನ್ನು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ.
ಅವರ ಮಗಳ ಲಗ್ನಕ್ಕ ಇಪ್ಪತ್ತು ಕಿಲೋ ನಾನ ಕಟ್ಟಿಕೊಟ್ಟಿದ್ದೆ.

ಮನಿಯಾಗ ಹಂಪವ್ವ ಅಕ್ಕಿ ಡಬ್ಬಿ ಅಟ್ಟಕ್ಕೇರಿಸಿದ್ಲು.
ನವಣಿ ಅನ್ನ. ಸಜ್ಜಿ ರೊಟ್ಟಿ, ತೆಳ್ಳಗ, ಕೆಂಡದ ಮ್ಯಾಲೆ ಉಬ್ಬಿದ್ದು.
ಹಸಿ ಮೆಂತೆ, ಅಗಸಿ ಹಿಂಡಿ, ಮೊಳಕಿ ಮಡಕಿಕಾಳು.
"ಇದು ನಮ್ಮವ್ವ ಬಡತನಕ್ಕ ಮಾಡ್ತಿದ್ದ ಅಡಿಗಿ" ಅಂದೆ.
"ಈಗ ತುಟ್ಟಿ ಐತಿ, ಚೆಲ್ಲಬ್ಯಾಡ" ಅಂದ್ಲು.

ಸಂತಿಯಾಗ ಡೋಣಿ ಕಡೆ ತಾಂಡಾದಾಕಿ ಲಾಲವ್ವ
ಗೋಣಿತಟ್ಟಿನ ಮ್ಯಾಲೆ ಕಪ್ಪತಗುಡ್ಡ ಹರವಿ ಕುಂತಿರ್ತಾಳ:
ಅಮೃತಬಳ್ಳಿ ಕಡ್ಡಿ, ನೆಲಬೇವು, ಒಣಗಿದ ಆವರಿಕಿ ಹೂವು,
ಹೆಸರು ಗೊತ್ತಿಲ್ಲದ ಬೇರು, ಅದರ ಮ್ಯಾಲೊಂದು ನೊಣ.
ನನ್ನ ಕತಿ ಕೇಳಿ ಮಧುನಾಶಿನಿ ಎಲಿ ಕೊಟ್ಟು "ಅಗಿ" ಅಂದ್ಲು.
ಅಗದೆ. ಹುಲ್ಲಿನಂಥ ಕಹಿ, ಮುಗೀತು.
ಉಡಿಯಿಂದ ಬೆಲ್ಲದ ಚೂರು ತಗದು ಬಾಯಾಗಿಟ್ಲು.
ಬೆಲ್ಲ ಮರಳಾತು,
ಹಳೇ ಗ್ವಾಡಿ ಬಾಯಾಗ ಉದುರಿಧಂಗ.
"ಎಲಿ ನಾಲಿಗಿ ಮುಚ್ಚತೈತಿ, ಒಂದ್ ತಾಸು.
ಕೈ ನೀನ ಮುಚ್ಚಬೇಕು.
ಡಾಕ್ಟರನ ಗುಳಿಗಿ ಬಿಟ್ಟಿ ಅಂದ್ರ
ಮುಂದಿನ ಸಂತಿಗೆ ನನ್ನ ಕಡೆ ಬರಬ್ಯಾಡ."

ಮರುದಿನ ಎರಡೆಲಿ ಅಗದು ಕಡಾಯಿ ಮುಂದ ನಿಂತೆ.
ಚಿಟಿಕಿ ಒಗದೆ. ಹತ್ತಿ. ಹಸಿ ಹತ್ತಿ.
"ಸಕ್ಕರಿ ಸಾಲದು" ಅಂದೆ. ಹಾಕಿದ್ರು.
"ಇನ್ನೂ." ಹಾಕಿದ್ರು.
ಮೂವತ್ತೊಂದು ವರ್ಷದ ನಾಲಿಗಿಗೆ ಯಾರು ಎದುರಾಡ್ತಾರ?
ಮಧ್ಯಾಹ್ನದೊಳಗ ಮಾಲು ಖಾಲಿ.
"ಇವತ್ತಿಂದು ಪೇಡೆ ಅಂದ್ರ ಪೇಡೆ" ಅಂತ
ಎರಡನೇ ಸರತಿ ಬಂದು ಒಯ್ದವ್ರು ಅದಾರ.
ಮಾಲಕರು ಬೆನ್ನು ಚಪ್ಪರಿಸಿದ್ರು. ಸುಮ್ಮನಾದೆ.
ಇವತ್ತಿಗೂ ಯಾರಿಗೂ ಹೇಳಿಲ್ಲ.

ಗುರುವಾರ ಆಸ್ಪತ್ರಿಯಾಗ ಸಕ್ಕರಿ ಬ್ಯಾನಿಯವ್ರ ಪಾಳಿ.
ಮುಂದಿನ ಮಾರಿ ಒಂದೊಂದ ಗುರ್ತು ಹತ್ತಿದ್ವು:
ಅರ್ಧ ಕಿಲೋದವ್ರು, ಪಾವ್ ಕಿಲೋ ಮಾಸ್ತರು,
ಗಲ್ಲೆ ಮುಂದ ಚಿಲ್ಲರಿಗೆ ಜಗಳಾಡೋ ಕಾಂಚನಾಬಾಯಿ,
ಕಾಲಿನ ಹೆಬ್ಬೆರಳಿಗೆ ಬ್ಯಾಂಡೇಜು.
ಯಾರೂ ನನ್ನ ಗುರ್ತು ಹಿಡೀಲಿಲ್ಲ.
ಒಳಗಿನ ಒಲಿ ಮುಂದಿನವನ ಮಾರಿ ಯಾರು ನೋಡಿರ್ತಾರ?
ಅಂಗಿ ಮಾತ್ರ ಅದ ವಾಸನಿ.
ಕಾಂಚನಾಬಾಯಿ ಮೂಗೆತ್ತಿದ್ಲು:
"ಎಲ್ಲೋ ಖೋವಾ ಹುರಿಯಾಕತ್ತಾರ್ರೀ" ಅಂದು
ಕಣ್ಣು ಮುಚ್ಚಿ ಕುಂತ್ಲು.
ನಾ ಪಾಳಿ ಬಿಟ್ಟು ಹಿಂದ ಹೋಗಿ ನಿಂತೆ.

ಈಗ ನಾಲಿಗಿಗೆ ಸೂಟಿ. ಹದ ಬಣ್ಣದಾಗ ನೋಡ್ತೀನಿ,
ಸಟ್ಟುಗದ ಸಪ್ಪಳದಾಗ ಕೇಳ್ತೀನಿ.
ಸಕ್ಕರಿ ತಕ್ಕಡಿ ಹೇಳಿದಷ್ಟು.
ಮೂರು ತಿಂಗಳಿಗೆ ನೂರಾ ಅರವತ್ತೊಂಬತ್ತು.
ಎಲಿಯಿಂದೋ, ಗುಳಿಗಿಯಿಂದೋ, ನವಣಿಯಿಂದೋ,
ಬಿಟ್ಟ ಎಂಟು ಚಿಟಿಕಿಯಿಂದೋ,
ಡಾಕ್ಟರೂ ಬಿಡಿಸಿ ಹೇಳಲಿಲ್ಲ, ಲಾಲವ್ವನೂ ಹೇಳಲಿಲ್ಲ.
ಹಂಪವ್ವ ಹೇಳಿದ್ಲು: "ನನ್ನಿಂದ."

ರಾತ್ರಿ ಉಂಡ ಮ್ಯಾಲೆ ಒಂದು ನೆಲ್ಲಿಕಾಯಿ ಕಡದು
ತಂಬಿಗಿ ಎತ್ತತೀನಿ.
ಬರೀ ನೀರು, ನಳದ್ದು, ಸಿಹಿ ಹತ್ತತೈತಿ.
ಆಕಿ ಮಲಗಿದ್ದು ನೋಡಿ,
ಸಪ್ಪಳಾಗದಂಗ,
ಎರಡನೇ ತಂಬಿಗಿ ತುಂಬಕೋತೀನಿ.