ಹುಳಿ ನೋಡಿ ಹೇಳ್ರಿ

ಎಲಿಗೆ ಐದು ಬೆರಳು, ಅಂಚಿಗೆ ಗರಗಸ.
ಫರಹತಾಬಾದ ಠಾಣೆಗೆ ಯಾರೋ ಫೋನು ಹಚ್ಚ್ಯಾರ:
"ಜಗದೇವಿ ಹೊಲದಾಗ ಗಾಂಜಾ ಬೆಳದಾಳ."
ಬಂದಾನ ಅಂಬಾರಾಯ, ಹೊಸ ಪೊಲೀಸ,
ಬೂಟಿನ ತುಂಬ ಕರಿ ಎರಿ ಮೆತ್ತಿಸಿಕೊಂಡು,
ತೊಗರಿ ಬಾಜೂಕ ನಿಂತು
ಮೊಬೈಲಿನಾಗಿನ ಫೋಟೋ ಒಮ್ಮೆ, ಗಿಡ ಒಮ್ಮೆ ನೋಡತಾನ.

ನಾ ವಾದ ಮಾಡಲಿಲ್ಲ.
ಎಲಿ ಒಂದು ಕಿತ್ತು ಕೊಟ್ಟೆ. "ಅಗೀರಿ."
ಅಗದಾನ. ಒಂದು ಕಣ್ಣು ತಾನೇ ಮುಚ್ಚಿತು.
ಕಿವಿ ತನಕ ಹೋಗಿರಬೇಕು ಹುಳಿ.
"ಏ, ಇದು ಪುಂಡಿ! ನಮ್ಮವ್ವ ಮಾಡತಾಳ."
"ಹಂಗಾದ್ರ ನಿಮ್ಮವ್ವಗ ಎಷ್ಟು ವರ್ಷ ಜೇಲು?"
ಎರಡು ಕಟ್ಟು ಒಯ್ದ. ರೊಕ್ಕ ಕೊಟ್ಟ, ಸುಳ್ಳು ಹೇಳಬಾರದು.

ಹೋಗಾಗ ಕೇಳಿದ: "ಈ ಸಾಲು ಯಾಕ ಹಳದಿ?"

ಅದು ನೋಡ್ರಿ ಕೇಸು.
ಗಿಡ ಅಲ್ಲಾಡಿಸಿ ತೋರಿಸಿದೆ.
ಜ್ವಾಳದ ಹಿಟ್ಟು ಝಾಡಿಸಿದಂಗ ಎದ್ದವು ಬಿಳಿ ನೊಣ,
ಮತ್ತ ಅಲ್ಲೇ ಕೂತವು.
ಲಗ್ನ ಗೊತ್ತಿಲ್ಲದ ಗಿಡಕ್ಕ ಅರಿಶಿಣ ಹಚ್ಚಿ ಹೋಗತಾವ:
ಮೊದಲು ನರ, ಆಮ್ಯಾಲ ನರದ ಮರಿ, ಆಮ್ಯಾಲ ಎಲಿ ಪೂರಾ.
ರೈತ ಕೇಂದ್ರದ ಹುಡುಗ ಅಂದಿದ್ದ,
"ವೈರಸ್ಸು, ಬಾಯಿ. ಇದಕ್ಕ ಎಣ್ಣಿ ಇಲ್ಲ. ಕಿತ್ತು ಸುಡ್ರಿ."

ಕಿತ್ತೆ. ಕಿತ್ತಕೋತ ಹೋಗಿ
ಒಂದರ ಮುಂದ ಕೈ ನಿಂತಿತು.
ಸುತ್ತ ನಾಕೂ ಕಡಿ ಹಳದಿ, ನಡುವ ಇದೊಂದು
ಹಸರ ಅಂದ್ರ ಹಸರ,
ಮಂದಿ ಅಳೂ ಮನ್ಯಾಗ ಊಟಕ್ಕ ಕೂತವನಂಗ.
ಕೆಂಪು ದಾರ ಕಟ್ಟಿದೆ.

ಮರುವರ್ಷ ಅದರ ಮಕ್ಕಳು ನಲವತ್ತೊಂದು,
ಹಳದಿ ಆದವು ಬರೇ ಆರು.
ಕುಣಿಯೋದೊಂದು ಬಾಕಿ.
ಆಗ ಪಲ್ಯ ಮಾಡಿ ಉಂಡೆ.

ಹುಳಿ ಇಲ್ಲ.
ಹುಲ್ಲು. ತೊಳದ ಹುಲ್ಲು.
ಕಣ್ಣಿ ಮಾರ್ಕೆಟಿನ ಬಾಜೂಕ ಖಾನಾವಳಿ ನಡಸೂ ತೇಜಮ್ಮ
ಕಟ್ಟು ವಾಪಸ್ ಎಸದಳು:
"ಪುಂಡಿ ತಾ ಅಂದ್ರ ಅದರ ದೂರದ ತಮ್ಮನ್ನ ತಂದೀಯಲ್ಲ!"

ಅದಕ್ಕ ಸಂಜಿಮುಂದ, ನಾಳಿ ಅರಳೂ ಮೊಗ್ಗಿ ಹುಡುಕಿ,
ಸೂಜಿಲೆ ಸೀಳಿ, ನಡುಗಂಬದ ಸುತ್ತಿನ ಪುಡಿಗಂಟು
ಒಂದೊಂದೇ ತಗದು,
ಹಳೀ ಸೀರಿ ತುಂಡಿನ ಚೀಲ ತೊಡಿಸಿ ಮಕ್ಕೊಂಡೆ.
ಮುಂಜಾನಿ ಕೋಳಿ ಕೂಗೂದರಾಗ
ಹುಳಿ ಗಿಡದ ಹೂವು ತಂದು
(ಆ ಗಿಡ ಅರ್ಧ ಹಳದಿ, ಇನ್ನೆರಡು ವಾರದ ಜೀವ)
ಇದರ ಬಾಯಿಗೆ ಒರಸಿದೆ.
ಮಧ್ಯಾನಕ್ಕ ಪುಂಡಿ ಹೂವು ಮುದುಡತಾವ,
ತಡ ನಡಿಯೂದಿಲ್ಲ.
ನನ್ನ ಎಡಗೈ ನಡಗತದ.
ಹತ್ತರಾಗ ಏಳು ಮೊಗ್ಗಿ ಉದರಿದವು.

ಉಳಿದ ಮೂರರ ಮೊಮ್ಮಕ್ಕಳು ಈ ವರ್ಷ ಹೊಲದಾಗ, ಇನ್ನೂರಾ ಎಂಟು.
ಸಾಲು ಹಿಡದು ಒಂದೊಂದು ಎಲಿ ಅಗೀತೀನಿ.
ಹಸರ, ಸಪ್ಪಗ.
ಹುಳಿ, ಹಳದಿ.
ಸಪ್ಪಗ, ಮ್ಯಾಲ ಹಳದಿ ಬ್ಯಾರೆ. ಇಂಥಾವೂ ಹುಟ್ಟತಾವ, ಯಾರಿಗೆ ಬಯ್ಯೂದು?
ಅರವತ್ತನೇ ಗಿಡಕ್ಕ ಹಲ್ಲು ಜುಮ್ಮಂದು
ಬಾಯಿ ಸುಳ್ಳು ಹೇಳಾಕ ಸುರು ಮಾಡತದ.
ಒಂದು ಚೂರು ರೊಟ್ಟಿ ತಿಂದು ಮತ್ತ ಮುಂದ.

ಅಂಬಾರಾಯ ಮತ್ತ ಬಂದ, ಡ್ಯೂಟಿ ಇಲ್ಲ, ಬನಿಯನ್ ಮ್ಯಾಲ.
"ನಿಮ್ಮ ಹಲ್ಲು ಕೊಡ್ರಿ ಸಾಹೇಬ್ರ, ನನ್ನವು ಮುಗದಾವ.
ಹುಳಿ ನೋಡಿ ಹೇಳ್ರಿ."
ಅಂವ ಆ ಕಡಿಂದ, ನಾ ಈ ಕಡಿಂದ.
ಬದುವಿನ ಹತ್ತಿರ, ಕುಳ್ಳ ಗಿಡ ಒಂದರ ಮುಂದ ಅಂವ ನಿಂತ.
ಒಂದು ಕಣ್ಣು ಮುಚ್ಚಿತ್ತು.

ಓಡಿದೆ. ಹಸರ.
ಎಲಿ ಹೊಳ್ಳಿಸಿದೆ: ನೊಣ ಅದಾವ, ಆರಾಮ ಕೂತಾವ.
ಇದೊಂದು ನರ ಮಾತ್ರ
ಬಿಸಲಿಗೆ ಹಂಗ ಕಾಣಸತದೋ, ಖರೇನೇ ಹಳದೀನೋ.
"ಕಟ್ಟ್ರಿ ದಾರ," ಅಂತಾನ ಅಂವ.
"ಎಂಟು ದಿನ ಹೋಗಲಿ."

ಕೈ ಖಾಲಿ ಬೇಕಾಗಿ ದಾರ ಹಲ್ಲಾಗ ಕಚ್ಚಿದೆ.
ಅದಕ್ಕೂ ಜುಮ್ಮಂತು ಹಲ್ಲು.